ಆ್ಯಪ್‌ಗೆ ಗೊತ್ತಾಗಿತ್ತು, ಮನೇಲಿ ಗೊತ್ತಿರ್ಲಿಲ್ಲ

(ಅವರ ಒಪ್ಪಿಗೆ ತಗೊಂಡೇ ಬರೀತಿದೀನಿ, ಗುರುತು ಸಿಗ್ಬಾರ್ದು ಅಂತ ಊರು, ಕೆಲ್ಸ, ಲೆಕ್ಕ ಎಲ್ಲಾ ಬದಲಾಯ್ಸಿದೀನಿ.)

ಗಂಡ ಹೆಂಡ್ತಿ ಇಬ್ರೂ ನನ್ನ ಹತ್ರ ಕೌನ್ಸೆಲಿಂಗ್‌ಗೆ ಬಂದಿದ್ರು. ಗಂಡಂಗೆ 31 ವರ್ಷ, ಹಾಸನದ ಕಡೆಯವ್ರು, ವೈಟ್‌ಫೀಲ್ಡಲ್ಲಿ ಕೆಲ್ಸ. ಮಾಂಗಲ್ಯದ ಸರ ಅಡ ಇಟ್ಟಿರೋದು ಗೊತ್ತಾದ್ಮೇಲೆ ಹೆಂಡ್ತೀನೇ ಕರ್ಕೊಂಡು ಬಂದಿದ್ದು. ಮೊದಲ ಅರ್ಧ ಗಂಟೆ ಗಂಡಂದು ಒಂದೇ ಮಾತು, "ನಾನು ಜೂಜಾಡಲ್ಲ ಮೇಡಂ, ರಮ್ಮಿ ಸ್ಕಿಲ್ ಗೇಮು, ಸುಪ್ರೀಂ ಕೋರ್ಟೇ ಹೇಳಿದೆ." 1968ರಲ್ಲಿ ಕೋರ್ಟ್ ಹಾಗೆ ಹೇಳಿರೋದು ನಿಜಾನೇ, ಅದಕ್ಕೆ ನಾನು ವಾದಕ್ಕೆ ಹೋಗ್ಲಿಲ್ಲ. ರಾತ್ರಿ 2 ಗಂಟೆಗೆ ಯಾಕೆ ಆಡ್ತೀರಿ ಅಂತ ಮಾತ್ರ ಕೇಳ್ದೆ.

ಸುಮ್ನಾದ್ರು. ಆಮೇಲೆ ಫೋನ್ ತೆಗ್ದು ಒಂದು ಮೆಸೇಜ್ ತೋರಿಸಿದ್ರು, ನಿಮ್ಮ ಆಟದ ರೀತಿ ಬದಲಾಗಿದೆ, ಸ್ವಲ್ಪ ಬಿಡುವು ತಗೊಳ್ಳಿ ಅಂತ ದುಡ್ಡು ಹಾಕಿ ಆಡೋ ಆ ರಮ್ಮಿ ಆ್ಯಪೇ ಕಳ್ಸಿತ್ತು, ಎರಡು ಸಲ. ಅವ್ರು ಮಾಡಿದ್ದು ಇನ್ನೊಂದು ಆ್ಯಪ್ ಹಾಕ್ಕೊಂಡಿದ್ದು. "ಆ ಆ್ಯಪಿಗೆ ಗೊತ್ತಿತ್ತು, ಪಕ್ಕದಲ್ಲಿ ಮಲ್ಗಿರೋ ನಂಗೇ ಗೊತ್ತಿರ್ಲಿಲ್ವಲ್ಲಾ ರೀ" ಅಂತ ಆಯಮ್ಮ ಅತ್ತಿದ್ದು ಇನ್ನೂ ಕಿವೀಲಿದೆ.

ಆ ಮೆಸೇಜ್ ಹೆಂಗೆ ಬರುತ್ತೆ ಅಂತ ಇಬ್ರಿಗೂ ಹೇಳ್ದೆ. ಹಿಂದೆ ಯಾರು ಆಟ ಕೈ ಮೀರಿ ತಮ್ಮ ಖಾತೆ ತಾವೇ ಬಂದ್ ಮಾಡಿಸ್ಕೊಂಡಿದ್ರೋ ಅವ್ರ ಆಟದ ದಾಖಲೆ ಕೊಟ್ಟು ಮೆಷಿನ್‌ಗೆ ಕಲಿಸಿರ್ತಾರೆ, ಅದೇ ತರ ಆಡೋರನ್ನ ಅದು ಹುಡುಕುತ್ತೆ. ಎಷ್ಟು ಸೋತ್ರು ಅನ್ನೋದೊಂದೇ ಅಲ್ಲ, ಹೆಂಗೆ ಆಡ್ತಾರೆ ಅನ್ನೋದೇ ಮುಖ್ಯ: ಸೋತ ತಕ್ಷಣ ಮತ್ತೆ ದುಡ್ಡು ಹಾಕೋದು, ಗೆದ್ದಿದ್ದನ್ನ ವಿತ್‌ಡ್ರಾ ಕೊಟ್ಟು ಅದು ಬರೋ ಮುಂಚೆನೇ ಕ್ಯಾನ್ಸಲ್ ಮಾಡಿ ಆಡೋದು, ಪಂದ್ಯದ ಮೊತ್ತ ಏರ್ತಾ ಹೋಗೋದು, ಪೇಮೆಂಟ್ ಫೇಲ್ ಆದ್ರೂ ಮತ್ತೆ ಮತ್ತೆ ಒತ್ತೋದು, ನಿದ್ದೆ ಹೊತ್ತಲ್ಲಿ ಆಡೋದು. ಆದ್ರೆ ಅದು ನೋಡೋದು ತನ್ನ ಆ್ಯಪೊಳಗೆ ನಡೆಯೋದು ಮಾತ್ರ. ಎರಡನೇ ಆ್ಯಪು, ಲೋನ್ ಆ್ಯಪು, ಅಡ ಇಟ್ಟ ಸರ ಯಾವ್ದೂ ಅದಕ್ಕೆ ಕಾಣಲ್ಲ. ಜಾಸ್ತಿ ಆಡೋರಿಂದಾನೇ ಜಾಸ್ತಿ ದುಡಿಯೋ ಕಂಪನಿ ಒಂದು ಮೆಸೇಜ್ ಕಳ್ಸಿ ಕೈ ತೊಳ್ಕೊಂಡ್ರೆ ಸಾಲಲ್ಲ ಅಂತಾನೂ ನಂಗೆ ಗಟ್ಟಿಯಾಗಿ ಅನ್ಸುತ್ತೆ.

ಎಲ್ಲಾ ಒಟ್ಟಿಗೆ ಕಾಣೋದು ಬ್ಯಾಂಕ್ ಸ್ಟೇಟ್‌ಮೆಂಟಲ್ಲಿ. 6 ತಿಂಗಳದ್ದು ಪ್ರಿಂಟ್ ತರೋಕೆ ಹೇಳಿ, ಸೋತ ಹತ್ತು ನಿಮಿಷದೊಳಗೆ ಹಾಕಿದ ದುಡ್ಡಿಗೆಲ್ಲಾ ಅವ್ರ ಕೈಲೇ ಹೈಲೈಟರ್ ಎಳೆಸ್ದೆ, ಹೆಂಡ್ತಿ ಕೈಲಿ ಅಲ್ಲ. ಮೂರನೇ ಪುಟಕ್ಕೆ ಪೆನ್ ಕೆಳಗಿಟ್ರು. 9 ಪ್ರಶ್ನೆಗಳ ಜೂಜಿನ ಸ್ಕೇಲಲ್ಲಿ 27ಕ್ಕೆ 17 ಬಂತು, 8 ಅಥವಾ ಅದಕ್ಕಿಂತ ಜಾಸ್ತಿ ಬಂದ್ರೇನೇ ಗಂಭೀರ ತೊಂದ್ರೆ ಅಂತ ಲೆಕ್ಕ. ಸಾಯೋ ಯೋಚ್ನೆ ಬಂದಿದ್ಯಾ ಅಂತ ನೇರವಾಗೇ ಕೇಳ್ದೆ, ಸಾಲದಲ್ಲಿರೋರನ್ನ ಇದನ್ನ ಕೇಳ್ಲೇಬೇಕು. ಒಂದೆರಡು ರಾತ್ರಿ ಬಂದಿತ್ತಂತೆ. ಅವತ್ತೇ ಮನೋವೈದ್ಯರ ಹತ್ರ ಕಳ್ಸಿದೆ, ರಾತ್ರಿ ಹೊತ್ತು ಬೇಕಾದ್ರೆ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇಬ್ರ ಫೋನಲ್ಲೂ ಸೇವ್ ಮಾಡಿಸ್ದೆ.

ಮನೇಲಿ ಮಾಡೋಕೆ ಹೇಳಿದ್ದು ಇಷ್ಟು: ಸಂಬಳದ ಖಾತೆ ಸದ್ಯಕ್ಕೆ ಹೆಂಡ್ತಿ ನೋಡ್ಕೊಳ್ಳೋದು, ಯುಪಿಐ ಲಿಮಿಟ್ ಇಳಿಸೋದು, ಸಾಲ ಪೂರ್ತಿ ಒಂದು ಹಾಳೇಲಿ ಬರೆಯೋದು, 10 ಗಂಟೆ ಮೇಲೆ ಫೋನ್ ಹಾಲ್‌ನಲ್ಲಿಡೋದು. ಊರಲ್ಲಿ ಅಪ್ಪ ಜಮೀನು ಮಾರಿ ಒಂದೇ ಸಲ ಸಾಲ ತೀರಿಸ್ತೀನಿ ಅಂದ್ರಂತೆ, ಬೇಡವೇ ಬೇಡ ಅಂದೆ, ಹಂಗೆ ತೀರಿದ್ರೆ ಮತ್ತೆ ಆಡೋಕೆ ದಾರಿ ಆಗುತ್ತೆ. ಹೆಂಡ್ತಿಗೆ ಹೇಳಿದ್ದು, ದಿನಾ ಪೊಲೀಸ್ ತರ ಫೋನ್ ಚೆಕ್ ಮಾಡ್ಬೇಡಿ, ಭಾನುವಾರ ಅರ್ಧ ಗಂಟೆ ಇಬ್ರೂ ಕೂತು ಸ್ಟೇಟ್‌ಮೆಂಟ್ ನೋಡಿ ಸಾಕು.

2025ರ ಆಗಸ್ಟಲ್ಲಿ ಕೇಂದ್ರದ ಕಾಯ್ದೆ ಬಂದು ದುಡ್ಡಿನ ಆಟ ನಿಂತಾಗ ಒಂದು ವಾರ ಹಾಯಾಗಿದ್ರು. ಆಮೇಲೆ ಟೆಲಿಗ್ರಾಂನಲ್ಲಿ ಯಾವ್ದೋ ವಿದೇಶಿ ಸೈಟಿನ ಲಿಂಕ್ ಬಂತು, ಅಂಥಾ ಕಡೆ ಎಚ್ಚರಿಸೋ ಮೆಸೇಜನ್ನ ನಂಬ್ಕೊಂಡು ಕೂರೋಕಾಗಲ್ಲ. ಒತ್ತೋ ಮುಂಚೆ ಹೆಂಡ್ತಿಗೆ ತೋರ್ಸಿ ಬ್ಲಾಕ್ ಮಾಡಿದ್ರಂತೆ. ಸರ ಇನ್ನೂ ಬ್ಯಾಂಕಲ್ಲೇ ಇದೆ, 2 ಕಂತು ಕಟ್ಟಿದಾರೆ.