ಸಿಪ್ಪೆ ಏಳುವ ಅಲಾಯ್ ಚಕ್ರಗಳು

ಪ್ರಶ್ನೆ: ಒಂಬತ್ತು ವರ್ಷ ಹಳೆಯ ನಮ್ಮ ಕಾರಿನ ಅಲಾಯ್ ಚಕ್ರಗಳ ಮೇಲಿನ ಪಾರದರ್ಶಕ ಲೇಪವು ಹಾವಿನ ಪೊರೆಯಂತೆ ಏಳುತ್ತಿದೆ, ಅದರಡಿಯಲ್ಲಿ ಬಿಳಿಯ ನೂಲಿನಂಥ ಗೆರೆಗಳು ಹರಡುತ್ತಿವೆ. ಕಳೆದ ವರ್ಷ ಮಳೆಗಾಲಕ್ಕೆ ಮೊದಲು ಸ್ಪ್ರೇ ಡಬ್ಬಿಯಿಂದ ಬೆಳ್ಳಿ ಬಣ್ಣ ಹೊಡೆದೆ. ದೀಪಾವಳಿಯ ಹೊತ್ತಿಗೆ ಅದೂ ಎದ್ದುಬಂತು. ಹೊಸ ಚಕ್ರಗಳನ್ನೇ ಕೊಳ್ಳಬೇಕೇ?
– ಓದುಗರೊಬ್ಬರು, ಕುಂದಾಪುರ

ಉತ್ತರ: ಚಕ್ರದಲ್ಲಿ ಬಿರುಕಾಗಲಿ ಸೊಟ್ಟಾಗಲಿ ಇಲ್ಲದಿದ್ದರೆ ಕೊಳ್ಳಬೇಕಾಗಿಲ್ಲ. ಅಲಾಯ್ ಚಕ್ರವೆಂದರೆ ಅಲ್ಯೂಮಿನಿಯಮ್ ಮಿಶ್ರಲೋಹದ ಚಕ್ರ; ನೀವು ಕಂಡ ಬಿಳಿ ಗೆರೆಗಳು ಆ ಅಲ್ಯೂಮಿನಿಯಮ್ಮಿನ ಸವಕಳಿ, ಕಬ್ಬಿಣಕ್ಕೆ ತುಕ್ಕು ಇದ್ದಂತೆ. ಕಲ್ಲು ಸಿಡಿದೋ, ಕಾಲುದಾರಿಯ ಅಂಚಿಗೆ ಉಜ್ಜಿದೋ ಲೇಪದಲ್ಲಿ ಕೂದಲೆಳೆಯಷ್ಟು ಬಿರುಕಾದರೂ ಸಾಕು, ಕಡಲತೀರದ ಉಪ್ಪುತೇವ ಒಳಗಿಳಿದು, ಮೇಲಿನ ಲೇಪವನ್ನು ಲೋಹದಿಂದ ಬಿಡಿಸುತ್ತಾ ಮುಂದೆ ಸಾಗುತ್ತದೆ. ಬೇರು ಕೀಳದೆ ಮೇಲೆ ಬಣ್ಣ ಹೊಡೆದದ್ದರಿಂದಲೇ ನಿಮ್ಮ ಬಣ್ಣ ನಿಲ್ಲಲಿಲ್ಲ, ತಪ್ಪು ಡಬ್ಬಿಯದಲ್ಲ.

ಟೈರ್ ಬಿಚ್ಚಿಸಿ, ಹಳೆಯ ಲೇಪವನ್ನು ಪೂರ್ತಿ ತೆಗೆದು, ಬಿಳಿ ಗೆರೆಗಳು ಮುಗಿದು ಹೊಳೆಯುವ ಲೋಹ ಕಾಣುವವರೆಗೆ ಉಜ್ಜಬೇಕು. ಮೊದಲು 120ರ ಎಮರಿ ಕಾಗದ, ಬಳಿಕ 240, ಕೊನೆಗೆ 400ರ ವಾಟರ್ ಪೇಪರ್. ಕಬ್ಬಿಣದ ತಂತಿ ಬ್ರಶ್ ಬೇಡವೇ ಬೇಡ. ಅದರ ಚೂರುಗಳು ಲೋಹದಲ್ಲಿ ನಾಟಿಕೊಂಡರೆ ಅವೇ ಹೊಸ ತುಕ್ಕಿನ ಕಲೆಗಳಾಗುತ್ತವೆ. ಬೆತ್ತಲಾದ ಅಲ್ಯೂಮಿನಿಯಮ್ ಗಾಳಿ ತಾಗಿದೊಡನೆ ಆಕ್ಸೈಡಿನ ಪದರ ಹೊದ್ದುಕೊಳ್ಳುವುದರಿಂದ, ಉಜ್ಜಿ ಒರೆಸಿ, ಜಿಡ್ಡು ತೆಗೆದು, ಅದೇ ದಿನ ಎಪಾಕ್ಸಿ ಪ್ರೈಮರ್ (ಲೋಹಕ್ಕೆ ಕಚ್ಚಿಕೊಳ್ಳುವ ಅಡಿಬಣ್ಣ) ಹೊಡೆಯಿರಿ. ಆಮೇಲೆ ಬಣ್ಣ, ಕೊನೆಗೆ ಕ್ಲಿಯರ್ ಕೋಟ್, ಅಂದರೆ ಪಾರದರ್ಶಕ ಲೇಪ. ಬಣ್ಣದ ಕೆಲಸವೆಂದರೂ ಮುಕ್ಕಾಲು ಪಾಲು ಉಜ್ಜುವುದರಲ್ಲೇ ಮುಗಿಯುತ್ತದೆ. ಮಳೆಯ ಹವೆಯಲ್ಲಿ ಮಾತ್ರ ಇದಕ್ಕೆ ಕೈಹಾಕಬೇಡಿ.

ಇಷ್ಟು ತಾಳ್ಮೆ ಇಲ್ಲದವರಿಗೆ ಪೌಡರ್ ಕೋಟಿಂಗ್ ಲೇಸು. ಇದರಲ್ಲಿ ಚಕ್ರಕ್ಕೆ ಹಿಡಿಸಿದ ಬಣ್ಣದ ಪುಡಿಯನ್ನು ಸಾಮಾನ್ಯವಾಗಿ 180ರಿಂದ 200 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಕರಗಿಸಿ ಗಟ್ಟಿಗೊಳಿಸುತ್ತಾರೆ. ಅದಕ್ಕೂ ಮೀರಿದ ಕಾವಾಗಲಿ, ಬಹಳ ಹೊತ್ತು ಓವನ್ನಿನಲ್ಲಿಡುವುದಾಗಲಿ, ಕಾರ್ಖಾನೆಯಲ್ಲಿ ಲೋಹಕ್ಕೆ ಕೊಟ್ಟ ಗಟ್ಟಿತನವನ್ನು ಕುಗ್ಗಿಸಬಲ್ಲದಾದ್ದರಿಂದ, ಎಷ್ಟು ಕಾವು, ಎಷ್ಟು ನಿಮಿಷ ಎಂದು ಕೇಳಿಕೊಂಡೇ ಕೆಲಸ ಒಪ್ಪಿಸಿ. ಲೇತಿನಲ್ಲಿ ಕೊರೆದು ಹೊಳಪು ಬರಿಸಿದ ಮುಖವಿರುವ ಚಕ್ರವಾದರೆ, ಪ್ರತಿ ಸಲವೂ ಲೋಹದ ತೆಳು ಪದರ ಹೋಗುವುದರಿಂದ, ಅದನ್ನು ಮತ್ತೆ ಮತ್ತೆ ಕೊರೆಸಲಾಗದು.

ನಟ್ಟು ಕೂರುವ ಗುಳಿಗಳಿಗೂ ಹಬ್‌ಗೆ (ಕಾರಿನಲ್ಲಿ ಚಕ್ರ ಕೂರುವ ಭಾಗಕ್ಕೆ) ತಾಗುವ ಹಿಂಬದಿಗೂ ಬಣ್ಣ ಬೀಳದಂತೆ ಟೇಪು ಅಂಟಿಸುವುದನ್ನು ಅನೇಕರು ಮರೆಯುತ್ತಾರೆ. ಅಲ್ಲಿ ದಪ್ಪವಾಗಿ ಬಿದ್ದ ಬಣ್ಣ ಓಡಾಟದಲ್ಲಿ ನುಗ್ಗಾಗಿ ನಟ್ಟು ಸಡಿಲಾಗುತ್ತದೆ. ಚಕ್ರ ಜೋಡಿಸಿದ ಬಳಿಕ 50ರಿಂದ 100 ಕಿಲೋಮೀಟರ್ ಓಡಿಸಿ, ಕೈಪಿಡಿಯಲ್ಲಿ ಹೇಳಿದ ಬಿಗಿತಕ್ಕೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿಸಿ.