ಇಂಗ್ಲೆಂಡಿನಲ್ಲಿ ಮನೆ ಕೊಳ್ಳಲು ಕನ್ವೇಯನ್ಸಿಂಗ್ (ಸ್ವತ್ತಿನ ಒಡೆತನ ವರ್ಗಾಯಿಸುವ) ವಕೀಲರನ್ನು ಹೇಗೆ ಆರಿಸಿಕೊಳ್ಳಬೇಕು? ಮೈಸೂರಿನ ಫ್ಲ್ಯಾಟಿನ ವಿಷಯವನ್ನು ಅವರಿಗೆ ಹೇಳಲೇಬೇಕೇ?

ನಿಮ್ಮ ಪ್ರಶ್ನೆಯಿಂದ ನಾನು ತಿಳಿದುಕೊಂಡದ್ದು ಇಷ್ಟು: ನೀವು ರೆಡಿಂಗಿನಲ್ಲಿ 4,25,000 ಪೌಂಡಿನ ಮನೆಯೊಂದಕ್ಕೆ ಮಾತುಕತೆ ಮುಗಿಸಿದ್ದೀರಿ, ಎಸ್ಟೇಟ್ ಏಜೆಂಟರು ತಾವು ಹೇಳಿದ ವಕೀಲರ ಸಂಸ್ಥೆಗೇ ಸಹಿ ಮಾಡಿ ಎಂದು ಅವಸರಪಡಿಸುತ್ತಿದ್ದಾರೆ, ಡಿಪಾಸಿಟ್ಟಿನ ಒಂದು ಪಾಲು ಊರಿನಲ್ಲಿರುವ ತಂದೆಯವರಿಂದ ಬರಬೇಕಿದೆ, ಮತ್ತು ನಿಮ್ಮ ಪತ್ನಿಯವರ ಹೆಸರಿನಲ್ಲಿ ಮೈಸೂರಿನಲ್ಲಿ ಒಂದು ಫ್ಲ್ಯಾಟ್ ಇದೆ. ನಾನು ವಕೀಲನಲ್ಲ. ಈ ದೇಶದಲ್ಲಿ ಎರಡು ಸಲ ಮನೆ ಕೊಂಡು, ಮೊದಲ ಸಲ ಪೆಟ್ಟು ತಿಂದು, ಎರಡನೆಯ ಸಲ ಸ್ವಲ್ಪ ಕಲಿತವನು. ಆ ಅನುಭವದ ಮೇಲೆ ಬರೆಯುತ್ತಿದ್ದೇನೆ.

ನಮ್ಮೂರಿನಲ್ಲಿ ಸ್ವತ್ತು ಕೊಳ್ಳುವಾಗ ವಕೀಲರ ಮುಖ್ಯ ಕೆಲಸವೆಂದರೆ ಮೂಲಪತ್ರದಿಂದ ಹಿಡಿದು ಇಂದಿನವರೆಗಿನ ಕ್ರಯಪತ್ರಗಳ ಸರಪಳಿಯನ್ನು ಕೂಡಿಸಿ, ಋಣಭಾರ ಪತ್ರ ತೆಗೆಸಿ, ಖಾತೆ ಯಾರ ಹೆಸರಿನಲ್ಲಿದೆ ಎಂದು ನೋಡುವುದು. ಏಕೆಂದರೆ ಅಲ್ಲಿ ನೋಂದಣಿಯಾಗುವುದು ಪತ್ರವೇ ಹೊರತು ಒಡೆತನವಲ್ಲ. ಇಲ್ಲಿ ಒಡೆತನವೇ ಲ್ಯಾಂಡ್ ರಿಜಿಸ್ಟ್ರಿಯಲ್ಲಿ ದಾಖಲಾಗಿ, ಅದಕ್ಕೆ ಸರಕಾರವೇ ಖಾತರಿ ಕೊಡುತ್ತದೆ. 1990ರ ಡಿಸೆಂಬರಿನಿಂದ ಇಂಗ್ಲೆಂಡ್ ಮತ್ತು ವೇಲ್ಸಿನಾದ್ಯಂತ ಮನೆ ಮಾರಾಟವಾದಾಗ ಈ ನೋಂದಣಿ ಕಡ್ಡಾಯ. ಹಾಗಾಗಿ ಇಲ್ಲಿಯ ವಕೀಲರ ಶ್ರಮವೆಲ್ಲ ಬೇರೆ ಕಡೆ ಹೋಗುತ್ತದೆ: ಸ್ಥಳೀಯ ಕೌನ್ಸಿಲ್, ನೀರು–ಚರಂಡಿ ಮತ್ತು ಪರಿಸರದ ಸರ್ಚುಗಳು (ದಾಖಲೆಗಳ ಹುಡುಕಾಟ), ಮಾರುವವರ ವಕೀಲರಿಗೆ ಕೇಳುವ ಪ್ರಶ್ನೆಗಳು, ಸಾಲದ ಷರತ್ತುಗಳು, ತೆರಿಗೆಯ ಲೆಕ್ಕ, ಕೊನೆಗೆ ನಿಮ್ಮ ಹೆಸರಿಗೆ ನೋಂದಣಿ. ಇದರಲ್ಲಿ ನನಗೆ ತಡವಾಗಿ ಹೊಳೆದ ಒಂದು ಸಂಗತಿಯಿದೆ. ಇಲ್ಲಿಯ ವಕೀಲರು ಸಾಮಾನ್ಯವಾಗಿ ಮನೆಯನ್ನು ಕಣ್ಣಿನಿಂದ ನೋಡುವುದೇ ಇಲ್ಲ. ಅವರ ಮುಂದಿರುವುದು ಕಾಗದ ಮತ್ತು ನೀವು ಹೇಳಿದ ಮಾತು, ಅಷ್ಟೇ.

ಆಯ್ಕೆಯ ವಿಷಯಕ್ಕೆ ಬರುತ್ತೇನೆ. ಏಜೆಂಟರು ಹೇಳಿದವರನ್ನೇ ಹಿಡಿಯಬೇಕೆಂಬ ಕಟ್ಟಳೆ ಇಲ್ಲ. ಅಂಥ ಶಿಫಾರಸಿನ ಹಿಂದೆ ಹಲವು ಸಲ ಕಮಿಷನ್ ಇರುತ್ತದೆ, ಎಷ್ಟು ಎಂದು ನೇರವಾಗಿ ಕೇಳಿ. ನಾನು ಮೊದಲ ಮನೆಗೆ ಹಾಗೆ ಸೂಚಿತವಾದ ದೊಡ್ಡ ಸಂಸ್ಥೆಯೊಂದಕ್ಕೇ ಹೋಗಿದ್ದೆ. ನಾಲ್ಕು ತಿಂಗಳಲ್ಲಿ ನನ್ನ ಕಡತ ಮೂವರ ಕೈ ಬದಲಾಯಿತು, ಪ್ರತಿ ಹೊಸಬರಿಗೂ ನಾನು ಕಥೆಯನ್ನು ಮೊದಲಿನಿಂದ ಹೇಳಬೇಕಾಯಿತು, ಆರು ತಿಂಗಳ ಅವಧಿಯ ಸಾಲದ ಆಫರು ಮುಗಿಯಲು ಹನ್ನೊಂದು ದಿನ ಇರುವಾಗ ಕೆಲಸ ಮುಗಿಯಿತು. ಶುಲ್ಕ ಮಾತ್ರ ಕಡಿಮೆಯೇ ಇತ್ತು. ಆದ್ದರಿಂದ ನಾನು ಈಗ ಯಾರಿಗೇ ಹೇಳುವುದಾದರೂ, ಸಂಸ್ಥೆಯ ಹೆಸರನ್ನು ನೋಡುವ ಮೊದಲು ನಿಮ್ಮ ಕಡತವನ್ನು ಹಿಡಿಯುವ ವ್ಯಕ್ತಿ ಯಾರು, ಅವರು ಅರ್ಹತೆ ಪಡೆದವರೋ ಅಥವಾ ಇನ್ನೊಬ್ಬರ ಮೇಲ್ವಿಚಾರಣೆಯಲ್ಲಿ ಇರುವವರೋ, ಅವರು ರಜೆಯಲ್ಲಿದ್ದರೆ ಯಾರು ನೋಡುತ್ತಾರೆ, ಫೋನಿನಲ್ಲಿ ಸಿಗುತ್ತಾರೆಯೇ ಎಂದು ಕೇಳಿ ಎನ್ನುತ್ತೇನೆ. ಸಾಲಿಸಿಟರ್ (ಸಾಮಾನ್ಯ ವಕೀಲರು) ಆದರೂ ಸರಿ, ಲೈಸೆನ್ಸ್ಡ್ ಕನ್ವೇಯನ್ಸರ್ (ಸ್ವತ್ತು ವರ್ಗಾವಣೆಗೆಂದೇ ಪರವಾನಗಿ ಪಡೆದವರು) ಆದರೂ ಸರಿ, ಸರಳವಾದ ಫ್ರೀಹೋಲ್ಡ್ (ನೆಲವೂ ನಿಮ್ಮದೇ ಆಗುವ) ಮನೆಗೆ ಅದರಿಂದ ವ್ಯತ್ಯಾಸವಿಲ್ಲ. ಮೊದಲಿನವರ ಮೇಲೆ ಎಸ್‌ಆರ್‌ಎ, ಎರಡನೆಯವರ ಮೇಲೆ ಸಿಎಲ್‌ಸಿ ಎಂಬ ನಿಯಂತ್ರಣ ಸಂಸ್ಥೆ ಕಣ್ಣಿಟ್ಟಿರುತ್ತದೆ. ನಿಮಗೆ ಸಾಲ ಕೊಡುವ ಬ್ಯಾಂಕಿನ ಪ್ಯಾನೆಲ್ಲಿನಲ್ಲಿ (ಬ್ಯಾಂಕು ಒಪ್ಪಿದ ವಕೀಲರ ಪಟ್ಟಿಯಲ್ಲಿ) ಅವರಿರುವುದು ಮುಖ್ಯ, ಇಲ್ಲದಿದ್ದರೆ ಬ್ಯಾಂಕು ಬೇರೆ ವಕೀಲರನ್ನು ಇಟ್ಟು ಖರ್ಚನ್ನು ನಿಮ್ಮ ತಲೆಗೆ ಕಟ್ಟಬಹುದು. ಕೊಟೇಷನ್ ಕೇಳುವಾಗ ಶೇ 20ರ ವ್ಯಾಟ್, ಸರ್ಚಿನ ವೆಚ್ಚ, ಹಣ ವರ್ಗಾವಣೆಯ ಶುಲ್ಕ, ಉಡುಗೊರೆ ಹಣದ ತಪಾಸಣೆಗೆ ಹಾಕುವ ಪ್ರತ್ಯೇಕ ಶುಲ್ಕ ಎಲ್ಲವನ್ನೂ ಸೇರಿಸಿ ಬರೆದುಕೊಡಲು ಹೇಳಿ.

ಎರಡನೆಯ ಮನೆಗೆ ನಾನು ಇಲ್ಲಿಯ ನಮ್ಮ ಊರಿನದೇ ಒಂದು ಸಣ್ಣ ಕಚೇರಿಯ ಸಾಲಿಸಿಟರ್ ಒಬ್ಬರನ್ನು ಹಿಡಿದೆ. ಅವರು ಮೊದಲ ವಾರವೇ ಟೈಟಲ್ ಪ್ಲಾನ್ (ಲ್ಯಾಂಡ್ ರಿಜಿಸ್ಟ್ರಿಯಲ್ಲಿರುವ ಸ್ವತ್ತಿನ ನಕ್ಷೆ) ಕಳಿಸಿ, "ನೀವು ನೋಡಿದ ಮನೆ ಇದೇ ತಾನೇ, ಗೆರೆಯನ್ನು ಸರಿಯಾಗಿ ನೋಡಿ ಹೇಳಿ" ಎಂದು ಬರೆದರು. ನಮ್ಮ ಕ್ರಯಪತ್ರಗಳಲ್ಲಿ ಪೂರ್ವಕ್ಕೆ ಇಂಥವರ ಸೈಟು, ಪಶ್ಚಿಮಕ್ಕೆ ರಸ್ತೆ ಎಂದು ಚಕ್ಕುಬಂದಿ ಬರೆದಿರುತ್ತದಲ್ಲ, ಇಲ್ಲಿ ಅದರ ಬದಲು 1:1250 ಪ್ರಮಾಣದ ನಕ್ಷೆಯ ಮೇಲೆ ಒಂದು ಕೆಂಪು ಗೆರೆ ಇರುತ್ತದೆ. ಅಡುಗೆಮನೆಯ ಮೇಜಿನ ಮೇಲೆ ಆ ಹಾಳೆಯನ್ನು ಹರಡಿಕೊಂಡು, ಮೊಬೈಲಿನಲ್ಲಿದ್ದ ಫೋಟೋಗಳ ಜೊತೆ ತಾಳೆ ನೋಡಿದೆವು. ಮನೆ, ಮುಂದಿನ ಅಂಗಳ, ಹಿತ್ತಿಲು ಗೆರೆಯ ಒಳಗಿದ್ದವು. ಹಿತ್ತಿಲಾಚೆಯ ಸಾಲಿನಲ್ಲಿದ್ದ ಗ್ಯಾರೇಜು ಇರಲಿಲ್ಲ. ಮಾರುವವರು ಬೀಗದ ಕೈ ತಿರುಗಿಸಿ, ಒಳಗೆ ಹೋಗಿ ತೋರಿಸಿದ್ದ ಗ್ಯಾರೇಜು ಅದು! ತಿಳಿಸಿದ ಮೇಲೆ ನಮ್ಮ ಸಾಲಿಸಿಟರ್ ಹುಡುಕಿದಾಗ ಅದಕ್ಕೆ ಬೇರೆಯೇ ಟೈಟಲ್ ಸಂಖ್ಯೆ ಇರುವುದು ಗೊತ್ತಾಯಿತು, ಕರಡು ಕರಾರಿನಲ್ಲಿ ಅದು ಬಿಟ್ಟುಹೋಗಿತ್ತು. ಕರಾರಿಗೂ ವರ್ಗಾವಣೆ ಪತ್ರಕ್ಕೂ ಎರಡನೆಯ ಸಂಖ್ಯೆ ಸೇರಿಸಿದರು. ಗ್ಯಾರೇಜನ್ನು ನೋಡಿದ್ದವರು ನಾವು, ಸಂಖ್ಯೆಯನ್ನು ಹುಡುಕಬಲ್ಲವರು ಅವರು. ನೀವೂ ಬೇಲಿ, ದಾರಿ, ಹಿಂದೆ ಕಟ್ಟಿಸಿದ ಹೆಚ್ಚುವರಿ ಕೋಣೆ, ತೆಗೆದ ಗೋಡೆ ಎಲ್ಲವನ್ನೂ ಬರೆದು ತಿಳಿಸಿ.

ಇದೇ ಕಾರಣಕ್ಕೆ ಮೈಸೂರಿನ ಫ್ಲ್ಯಾಟಿನ ವಿಷಯವನ್ನು ಹೇಳಲೇಬೇಕು, ಅದೂ ಮೊದಲ ದಿನವೇ. ಇಲ್ಲಿಯ ಸ್ಟ್ಯಾಂಪ್ ಡ್ಯೂಟಿಯ ಮಟ್ಟಿಗೆ "ಮೊದಲ ಮನೆ" ಎಂದರೆ ಪ್ರಪಂಚದಲ್ಲೇ ಮೊದಲ ಮನೆ, ಇಂಗ್ಲೆಂಡಿನಲ್ಲಿ ಮೊದಲನೆಯದಲ್ಲ. 2025ರ ಏಪ್ರಿಲ್ 1ರ ನಂತರದ ದರದಂತೆ, ನೀವಿಬ್ಬರೂ ಎಂದೂ ಎಲ್ಲಿಯೂ ಮನೆ ಹೊಂದಿರದಿದ್ದರೆ 4,25,000 ಪೌಂಡಿನ ಮನೆಗೆ 6,250 ಪೌಂಡ್ ತೆರಿಗೆ. ಸಾಮಾನ್ಯ ದರದಲ್ಲಿ 11,250. ಬೇರೆ ಮನೆ ಇರುವವರಿಗೆ ಒಟ್ಟು ಬೆಲೆಯ ಮೇಲೆ ಇನ್ನೂ ಶೇ 5 ಸೇರಿ 32,500 ಪೌಂಡ್. ಫ್ಲ್ಯಾಟಿನಲ್ಲಿ ಪತ್ನಿಯವರ ಪಾಲು 40,000 ಪೌಂಡ್ ಅಥವಾ ಅದಕ್ಕಿಂತ ಹೆಚ್ಚು ಬೆಲೆಯದಾದರೆ ನೀವು ಈ ಮೂರನೆಯ ಸಾಲಿಗೆ ಬರುವ ಸಾಧ್ಯತೆಯೇ ಹೆಚ್ಚು. ನಿಮ್ಮೊಬ್ಬರ ಹೆಸರಿನಲ್ಲಿ ಕೊಂಡರೆ ತಪ್ಪಿಸಿಕೊಳ್ಳಬಹುದು ಎಂದು ಯಾರೋ ಹೇಳಿಯೇ ಹೇಳುತ್ತಾರೆ. ಜೊತೆಯಲ್ಲಿ ಬಾಳುತ್ತಿರುವ ಗಂಡ ಹೆಂಡಿರನ್ನು ಈ ಲೆಕ್ಕದಲ್ಲಿ ಒಂದೇ ಎಂದು ನೋಡುವುದರಿಂದ ಅದು ನಡೆಯುವುದಿಲ್ಲ. ಫ್ಲ್ಯಾಟು ಕೊಂಡದ್ದಲ್ಲದೆ ಪಿತ್ರಾರ್ಜಿತವಾಗಿ ಬಂದದ್ದಾಗಿದ್ದು, ಪಾಲು ಅರ್ಧ ಮೀರದೆ, ಬಂದು ಮೂರು ವರ್ಷ ತುಂಬಿರದಿದ್ದರೆ ಹೆಚ್ಚುವರಿ ಶೇ 5 ಬೀಳದಿರಬಹುದು, ಆದರೆ ಪತ್ನಿಯವರೂ ಜೊತೆಗೆ ಕೊಳ್ಳುವವರಾದರೆ ಮೊದಲ ಮನೆಯ ರಿಯಾಯಿತಿ ಆಗಲೂ ಸಿಗುವುದಿಲ್ಲ. ಬಹುಪಾಲು ಕನ್ವೇಯನ್ಸಿಂಗ್ ವಕೀಲರು ತೆರಿಗೆ ಸಲಹೆ ಕೊಡುವುದಿಲ್ಲ, ನೀವು ತುಂಬಿದ ಉತ್ತರದ ಮೇಲೆಯೇ 14 ದಿನಗಳೊಳಗೆ ರಿಟರ್ನ್ ಸಲ್ಲಿಸುತ್ತಾರೆ. ತಪ್ಪು ಉತ್ತರದ ಹೊಣೆ ನಿಮ್ಮದೇ. ಇಷ್ಟು ದೊಡ್ಡ ಅಂತರವಿರುವಾಗ ತೆರಿಗೆ ತಜ್ಞರೊಬ್ಬರಿಗೆ ಪ್ರತ್ಯೇಕ ಶುಲ್ಕ ಕೊಟ್ಟು ಕೇಳುವುದು ದುಂದು ಎಂದು ನನಗನ್ನಿಸುವುದಿಲ್ಲ.

ತಂದೆಯವರ ಹಣಕ್ಕೂ ಕಾಗದ ಬೇಕು. ವಕೀಲರು ಅವರ ಗುರುತಿನ ಚೀಟಿ, ಇದು ಸಾಲವಲ್ಲ, ಮನೆಯಲ್ಲಿ ತಮಗೆ ಪಾಲು ಬೇಡ ಎಂಬ ಪತ್ರ, ಬ್ಯಾಂಕ್ ಪಾಸ್‌ಬುಕ್ಕಿನ ವಿವರ, ಸೈಟು ಮಾರಿದ ಹಣವಾದರೆ ಕ್ರಯಪತ್ರದ ಇಂಗ್ಲಿಷ್ ಅನುವಾದ ಎಲ್ಲವನ್ನೂ ಕೇಳುತ್ತಾರೆ. ಅದನ್ನು ಅವಮಾನ ಎಂದುಕೊಳ್ಳಬೇಡಿ ಎಂದು ತಂದೆಯವರಿಗೆ ಮೊದಲೇ ಹೇಳಿಡಿ. ನನ್ನ ಮಾವನವರು ಎರಡು ದಿನ ಮುನಿಸಿಕೊಂಡಿದ್ದರು. ಭಾರತದ ಕಡೆಯಿಂದ ಒಬ್ಬರು ಒಂದು ಆರ್ಥಿಕ ವರ್ಷದಲ್ಲಿ 2,50,000 ಡಾಲರ್‌ವರೆಗೆ ಕಳಿಸಬಹುದು, ಆದರೆ 10 ಲಕ್ಷ ರೂಪಾಯಿ ಮೀರಿದ ಭಾಗಕ್ಕೆ ಬ್ಯಾಂಕು ಶೇ 20ರಷ್ಟು ತೆರಿಗೆಯನ್ನು ಮುಂಗಡವಾಗಿ ಹಿಡಿಯುತ್ತದೆ. ಅದು ಅವರ ರಿಟರ್ನಿನಲ್ಲಿ ವಜಾ ಆಗುತ್ತದೆಯಾದರೂ, ಅಷ್ಟು ಹಣ ಕೈಯಲ್ಲಿರಬೇಕು.

ಕರಾರುಗಳ ಎಕ್ಸ್‌ಚೇಂಜ್ (ಸಹಿ ಮಾಡಿದ ಪ್ರತಿಗಳ ವಿನಿಮಯ) ಆಗುವವರೆಗೆ ಎರಡೂ ಕಡೆಯವರು ಹಿಂದೆ ಸರಿಯಬಹುದು, ಆದ ಮೇಲೆ ಕೊಳ್ಳುವವರು ಸರಿದರೆ ಸಾಮಾನ್ಯವಾಗಿ ಶೇ 10ರ ಡಿಪಾಸಿಟ್ ಹೋಗುತ್ತದೆ; ಸಂದೇಹಗಳೆಲ್ಲ ಅದಕ್ಕೆ ಮುಂಚೆಯೇ ಮುಗಿಯಲಿ. ಹಣ ಕಳಿಸುವ ದಿನ ವಕೀಲರ ಖಾತೆ ಸಂಖ್ಯೆ ಬದಲಾಗಿದೆ ಎಂಬ ಇಮೇಲ್ ಬಂದರೆ ಅದನ್ನು ನಂಬದೆ, ಮೊದಲ ಪತ್ರದಲ್ಲಿದ್ದ ನಂಬರಿಗೆ ಫೋನ್ ಮಾಡಿ ಕೇಳಿ. ಇನ್ನು ನಮ್ಮವರಿಗೇ ಇರುವ ಒಂದು ತೊಡಕು ಇನಿಶಿಯಲ್ಲಿನದು: ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ಬಿಡಿಸಿ ಬರೆದಿದ್ದು, ಬ್ಯಾಂಕಿನಲ್ಲಿ ಒಂದೇ ಅಕ್ಷರವಿದ್ದರೆ, ಸಾಲದ ಆಫರು ಮತ್ತು ವರ್ಗಾವಣೆ ಪತ್ರ ಎರಡು ಬಗೆಯಾಗುತ್ತವೆ. ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಇರಲಿ ಎಂದು ಆರಂಭದಲ್ಲೇ ಬರೆದುಕೊಡಿ, ನೋಂದಣಿ ಮುಗಿದ ಮೇಲೆ 7 ಪೌಂಡ್ ಕೊಟ್ಟು ರಿಜಿಸ್ಟರಿನ ಪ್ರತಿಯನ್ನು ನೀವೇ ತೆಗೆದು ಅಕ್ಷರ ಅಕ್ಷರ ಓದಿ ನೋಡಿ.