ಆಪರೇಷನ್ನಿಗೆ ಮುಂಚೆ ಇನ್ನೊಬ್ಬ ಡಾಕ್ಟರನ್ನು ಕೇಳಬಹುದೇ?

ಹಾವೇರಿ ಜಿಲ್ಲೆಯಿಂದ ಬಂದ ಪತ್ರವಿದು. ಹೆಸರು ಹಾಕಬೇಡಿ ಎಂದು ಬರೆದವರು ಕೇಳಿಕೊಂಡಿದ್ದಾರೆ. ಸಾರಾಂಶ ಹೀಗಿದೆ:

"ಅಮ್ಮನಿಗೆ 52 ವರ್ಷ. ಎಡ ಸ್ತನದಲ್ಲಿ ಗಂಟು ಕೈಗೆ ಸಿಕ್ಕಿ ಊರಿನ ಸರ್ಜನ್ ಹತ್ತಿರ ತೋರಿಸಿದೆವು. ಗಂಟು 3.5 ಸೆಂ.ಮೀ. ಇದೆ, ಕಂಕುಳಲ್ಲೂ ಸಣ್ಣದೊಂದು ಇದೆ ಎಂದು ಮ್ಯಾಮೊಗ್ರಾಂ (ಸ್ತನದ ಎಕ್ಸ್-ರೇ) ರಿಪೋರ್ಟ್ ಹೇಳುತ್ತದೆ. ದಪ್ಪ ಸೂಜಿಯಲ್ಲಿ ಗಂಟಿನ ತುಣುಕು ತೆಗೆದು ಮಾಡಿದ ಬಯಾಪ್ಸಿಯಲ್ಲಿ 'ಇನ್ವೇಸಿವ್ ಡಕ್ಟಲ್ ಕಾರ್ಸಿನೋಮ, ಗ್ರೇಡ್ 3', ಅಂದರೆ ಬೇಗ ಬೆಳೆಯುವ ಬಗೆಯ ಸ್ತನ ಕ್ಯಾನ್ಸರ್ ಎಂದು ಬಂದಿದೆ. ಮುಂದಿನ ವಾರವೇ ಸ್ತನ ಪೂರ್ತಿ ತೆಗೆದುಬಿಡೋಣ, ಕೀಮೋ ಆಮೇಲೆ ನೋಡೋಣ ಅಂತಾರೆ ಡಾಕ್ಟರು. ನಮ್ಮ ಮನೆಯವರನ್ನೆಲ್ಲ ವರ್ಷಗಳಿಂದ ನೋಡುತ್ತ ಬಂದ ಒಳ್ಳೆಯ ಮನುಷ್ಯ. ಬೇರೆಯವರನ್ನು ಕೇಳಿದರೆ ಅವರಿಗೆ ಬೇಜಾರಾಗುತ್ತದೆ ಎನ್ನುತ್ತಾರೆ ಅಮ್ಮ. ತಡ ಮಾಡಿದರೆ ಹರಡುತ್ತದೆ ಎನ್ನುತ್ತಾರೆ ಸೋದರಮಾವ. ಕೇಳುವುದಾದರೆ ಯಾರನ್ನು ಕೇಳಬೇಕು? ಟೆಸ್ಟುಗಳನ್ನೆಲ್ಲ ಮತ್ತೆ ಮಾಡಿಸಬೇಕೆ?"

ಸಂಪಾದಕರ ಉತ್ತರ:

ಕೇಳಬಹುದು, ಕೇಳಲೇಬೇಕು, ಅದೂ ಆಪರೇಷನ್ನಿಗೆ ಮುಂಚೆ. ಪತ್ರ ತಲುಪಿದ ದಿನವೇ ಇಷ್ಟನ್ನು ಫೋನಿನಲ್ಲಿ ತಿಳಿಸಿದ್ದೆವು. ಇದೇ ಇಕ್ಕಟ್ಟಿನಲ್ಲಿ ಸಿಕ್ಕ ಬೇರೆ ಮನೆಗಳಿಗೂ ದಾರಿಯಾಗಲೆಂದು ವಿವರವಾಗಿ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಮಾವನವರ ಭಯದ ಬಗ್ಗೆ. ಪಾರ್ಶ್ವವಾಯು, ಹೃದಯಾಘಾತ, ಒಡೆಯುವ ಹಂತಕ್ಕೆ ಬಂದ ಅಪೆಂಡಿಕ್ಸ್ ಇಂಥವುಗಳಲ್ಲಿ ಎರಡನೇ ಅಭಿಪ್ರಾಯ ಹುಡುಕುತ್ತ ಕೂರುವಂತಿಲ್ಲ. ಅಲ್ಲಿ ಲೆಕ್ಕ ಗಂಟೆಗಳದ್ದು. ಸ್ತನದ ಗಂಟು ಕೈಗೆ ಸಿಗುವಷ್ಟಾಗುವ ಹೊತ್ತಿಗೆ ಅದು ಒಳಗೆ ಎಷ್ಟೋ ತಿಂಗಳಿಂದ, ಹಲವು ಸಲ ವರ್ಷಗಳಿಂದ ಬೆಳೆದಿರುತ್ತದೆ. ಸರಿಯಾದ ಯೋಜನೆಗೆಂದು ಎರಡು ವಾರ, ಹೆಚ್ಚೆಂದರೆ ಮೂರು ವಾರ ತೆಗೆದುಕೊಂಡರೆ ತೊಂದರೆಯಿಲ್ಲ. ಆದರೆ ನಾಲ್ಕು ವಾರ ದಾಟಿ, ಹಬ್ಬ ಮುಗಿಯಲಿ, ಸುಗ್ಗಿ ಮುಗಿಯಲಿ ಎಂದು ಎಳೆದರೆ ನಷ್ಟವಾಗುತ್ತದೆ. ಹಾಗಾಗಿ ಕ್ಯಾಲೆಂಡರಿನಲ್ಲಿ ಒಂದು ದಿನಾಂಕ ಗುರುತು ಮಾಡಿ, ಅಷ್ಟರೊಳಗೆ ಚಿಕಿತ್ಸೆ ಶುರುವಾಗಬೇಕೆಂದು ಮನೆಯವರೆಲ್ಲ ಒಪ್ಪಿಕೊಳ್ಳಿ.

ಬಯಾಪ್ಸಿ ಸೂಜಿ ತಾಗಿದ್ದರಿಂದಲೇ ಕ್ಯಾನ್ಸರ್ ಹರಡುತ್ತದೆ ಎಂದು ಹೇಳುವವರು ಪ್ರತಿ ಊರಿನಲ್ಲೂ ಇದ್ದಾರೆ. ಆ ಭಯ ಬೇಡ. ಸೂಜಿಯಲ್ಲಿ ತೆಗೆದ ಆ ಎಳೆಗಳಿಲ್ಲದೆ ಚಿಕಿತ್ಸೆಯ ದಾರಿಯನ್ನೇ ನಿರ್ಧರಿಸಲಾಗದು. ತೊಂದರೆಯಾಗುವುದು ಬೇರೆ ಕಡೆ. ಕೆಲವೆಡೆ 'ಗಂಟನ್ನೇ ತೆಗೆದು ಪರೀಕ್ಷೆಗೆ ಕಳಿಸೋಣ' ಎಂದು ಮೊದಲೇ ಕತ್ತರಿಸಿಬಿಡುತ್ತಾರೆ. ಸುತ್ತ ಎಷ್ಟು ಅಂಚು ಬಿಡಬೇಕೆಂಬ ಲೆಕ್ಕವಿಲ್ಲದೆ ತೆಗೆದ ಗಂಟಿಗೆ ಆಮೇಲೆ ಮತ್ತೊಂದು ಆಪರೇಷನ್ ಬೇಕಾಗುತ್ತದೆ. ನಿಮ್ಮ ಸರ್ಜನ್ ಹಾಗೆ ಮಾಡದೆ ದಪ್ಪ ಸೂಜಿಯ ಬಯಾಪ್ಸಿ ಮಾಡಿಸಿರುವುದು ಸರಿಯಾದ ಕ್ರಮ.

ಆದರೆ ನಿಮ್ಮ ರಿಪೋರ್ಟಿನಲ್ಲಿ ಒಂದು ಮುಖ್ಯ ಭಾಗವೇ ಇಲ್ಲ: ಐ.ಎಚ್.ಸಿ. ಪರೀಕ್ಷೆ. ಈಸ್ಟ್ರೋಜನ್ ರಿಸೆಪ್ಟರ್ (ಇ.ಆರ್.), ಪ್ರೊಜೆಸ್ಟರಾನ್ ರಿಸೆಪ್ಟರ್ (ಪಿ.ಆರ್.), ಹರ್-2 ಈ ಮೂರು ಪ್ರೋಟೀನುಗಳು ಕ್ಯಾನ್ಸರ್ ಕೋಶಗಳಲ್ಲಿ ಇವೆಯೇ ಎಂದು ನೋಡುವ ಪರೀಕ್ಷೆ ಅದು. ಮೊದಲೆರಡು ಹಾರ್ಮೋನಿಗೆ ಸ್ಪಂದಿಸುವಂಥವು. ಹರ್-2 ಫಲಿತಾಂಶ 0 ಅಥವಾ 1+ ಬಂದರೆ ನೆಗೆಟಿವ್, 3+ ಬಂದರೆ ಪಾಸಿಟಿವ್. 2+ ಬಂದರೆ ಅದು ಇತ್ಯರ್ಥವಾಗದ ಉತ್ತರ, ಫಿಶ್ ಎಂಬ ಇನ್ನೊಂದು ಪರೀಕ್ಷೆ ಮಾಡಿಸಲೇಬೇಕು. ಎಷ್ಟೋ ಮನೆಗಳಲ್ಲಿ ಈ 2+ ಅನ್ನು ಪಾಸಿಟಿವ್ ಎಂದೋ ನೆಗೆಟಿವ್ ಎಂದೋ ಅಂದುಕೊಂಡು ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ.

ಆಪರೇಷನ್ ಮೊದಲೋ ಕೀಮೋ ಮೊದಲೋ ಎಂಬ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಈ ಮೂರರಿಂದಲೇ ಸಿಗಬೇಕು. ಹರ್-2 ಪಾಸಿಟಿವ್ ಆಗಿದ್ದು, ಅಥವಾ ಮೂರೂ ನೆಗೆಟಿವ್ ಆಗಿದ್ದು, ಗಂಟು 2 ಸೆಂ.ಮೀ. ಮೀರಿದ್ದರೆ ಇಲ್ಲವೇ ಕಂಕುಳ ಗ್ರಂಥಿಗೆ ತಲುಪಿದ್ದರೆ, ಈಗ ಸಾಮಾನ್ಯವಾಗಿ ಕೀಮೋವನ್ನೇ ಮೊದಲು ಕೊಡುತ್ತಾರೆ. ಔಷಧಿಗೆ ಗಂಟು ಎಷ್ಟು ಕರಗಿತು ಎಂಬುದು ಕಣ್ಣಿಗೆ ಕಾಣುತ್ತದೆ. ಕೀಮೋ ಮುಗಿದು ಆಪರೇಷನ್ ಮಾಡಿದಾಗ ರೋಗ ಉಳಿದಿದ್ದರೆ ಮುಂದಿನ ಔಷಧಿಯನ್ನೇ ಬದಲಿಸುವ ಅವಕಾಶವಿರುತ್ತದೆ. ಗಂಟು ಚಿಕ್ಕದಾದರೆ ಸ್ತನ ಉಳಿಸಿಕೊಳ್ಳುವ ಸಾಧ್ಯತೆಯೂ ಹೆಚ್ಚು. ಮೊದಲೇ ಎಲ್ಲ ತೆಗೆದುಬಿಟ್ಟರೆ ಔಷಧಿ ಕೆಲಸ ಮಾಡಿತೋ ಇಲ್ಲವೋ ಎಂದು ನೋಡಲು ಒಳಗೆ ಏನೂ ಉಳಿದಿರುವುದಿಲ್ಲ. ಇ.ಆರ್. ಪಾಸಿಟಿವ್, ಹರ್-2 ನೆಗೆಟಿವ್ ಬಂದರೆ ಆಪರೇಷನ್ನೇ ಮೊದಲು ಎಂಬ ನಿಮ್ಮ ಡಾಕ್ಟರ ಮಾತೇ ಸರಿಯಿರಬಹುದು. ಮೂರು ಉತ್ತರ ಕೈಗೆ ಬರುವ ಮುಂಚೆ ಅದನ್ನು ಯಾರೂ ಹೇಳಲಾಗದು. ಆಪರೇಷನ್ ಆದಮೇಲೆ ಎಷ್ಟು ದೊಡ್ಡ ತಜ್ಞರ ಹತ್ತಿರ ಹೋದರೂ ಈ ಆಯ್ಕೆ ತಿರುಗಿ ಸಿಗುವುದಿಲ್ಲ. ಎರಡನೇ ಅಭಿಪ್ರಾಯವನ್ನು ಮೊದಲ ಚಿಕಿತ್ಸೆಗೆ ಮುಂಚೆಯೇ ಕೇಳಿ ಎಂದು ನಾವು ಒತ್ತಿ ಹೇಳುವುದು ಇದಕ್ಕಾಗಿ.

ಐ.ಎಚ್.ಸಿ.ಗೆ ಮತ್ತೆ ಸೂಜಿ ಚುಚ್ಚಿಸಬೇಕಿಲ್ಲ. ಬಯಾಪ್ಸಿ ತುಣುಕನ್ನು ಪ್ಯಾರಾಫಿನ್ ಮೇಣದಲ್ಲಿ ಕೂರಿಸಿದ ಚಿಕ್ಕ ಬಿಲ್ಲೆ ಲ್ಯಾಬಿನಲ್ಲಿ ಇರುತ್ತದೆ. ಅದಕ್ಕೆ ಬ್ಲಾಕ್ ಎನ್ನುತ್ತಾರೆ. ಆ ಬ್ಲಾಕ್ ಮತ್ತು ಬಣ್ಣ ಹಾಕಿದ ಗಾಜಿನ ಸ್ಲೈಡುಗಳನ್ನು ಕೇಳಿ ಪಡೆಯಿರಿ. ಬ್ಲಾಕಿನ ಮೇಲಿನ ನಂಬರು ರಿಪೋರ್ಟಿನ ನಂಬರಿಗೆ ಹೊಂದುತ್ತದೆಯೇ ಎಂದು ಕೌಂಟರಿನಲ್ಲೇ ನೋಡಿಕೊಳ್ಳಿ. ಸ್ಲೈಡುಗಳನ್ನು ಪ್ಲಾಸ್ಟಿಕ್ ಸ್ಲೈಡ್ ಡಬ್ಬಿಯಲ್ಲೇ ಒಯ್ಯಿರಿ. ಬ್ಲಾಕನ್ನು ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ, ಮೇಣ ಮೆತ್ತಗಾಗುತ್ತದೆ. ಬಯಾಪ್ಸಿ ತೆಗೆದ ಕೂಡಲೇ ತುಣುಕನ್ನು ಕೆಡದಂತೆ ಕಾಯುವ ದ್ರಾವಣವಾದ ಫಾರ್ಮಲಿನ್‌ನಲ್ಲಿ ಹಾಕಿದ್ದರೇ ಎಂದೂ ಕೇಳಿಕೊಳ್ಳಿ. ಒಂದು ಗಂಟೆಯೊಳಗೆ ಹಾಕಿರಬೇಕು, ಅದರಲ್ಲಿ 6ರಿಂದ 72 ಗಂಟೆ ನೆನೆದಿರಬೇಕು. ಸಲೈನ್ ನೀರಿನಲ್ಲಿ ಬಿಟ್ಟಿದ್ದರೆ ಇ.ಆರ್. ಪಾಸಿಟಿವ್ ಇದ್ದದ್ದೂ ನೆಗೆಟಿವ್ ಎಂದು ತೋರಬಹುದು. ಆಗ ಹಾರ್ಮೋನ್ ಮಾತ್ರೆಯಿಂದ ಪ್ರಯೋಜನ ಪಡೆಯಬೇಕಾದವರಿಗೆ ಆ ಮಾತ್ರೆಯೇ ತಪ್ಪಿಹೋಗುತ್ತದೆ. ನಮ್ಮ ದೃಷ್ಟಿಯಲ್ಲಿ ಎರಡನೇ ಅಭಿಪ್ರಾಯ ಮೊದಲು ಬೇಕಾದದ್ದು ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಕಾಯಿಲೆ ಗುರುತಿಸುವ ಪೆಥಾಲಜಿಸ್ಟರಿಂದ, ಆಮೇಲೆ ಚಿಕಿತ್ಸೆ ಕೊಡುವ ಡಾಕ್ಟರಿಂದ. ಕ್ಯಾನ್ಸರ್ ಸ್ಲೈಡುಗಳನ್ನೇ ದಿನವೂ ನೋಡುವ ಪೆಥಾಲಜಿಸ್ಟ್ ನಿಮ್ಮ ಸ್ಲೈಡನ್ನು ಇನ್ನೊಮ್ಮೆ ಓದಲಿ. ಮುಂದಿನದೆಲ್ಲ ಆ ಓದಿನ ಮೇಲೆಯೇ ನಿಂತಿದೆ.

ಉಳಿದ ದಾಖಲೆಗಳಲ್ಲಿ ಮ್ಯಾಮೊಗ್ರಾಂನ ರಿಪೋರ್ಟ್ ಮಾತ್ರ ಸಾಲದು, ಚಿತ್ರಗಳಿರುವ ಸಿ.ಡಿ. ಬೇಕು. ಫಿಲ್ಮನ್ನು ಕಿಟಕಿಗೆ ಹಿಡಿದು ಮೊಬೈಲಿನಲ್ಲಿ ತೆಗೆದ ಫೋಟೊ ಯಾವ ತಜ್ಞರಿಗೂ ಉಪಯೋಗಕ್ಕೆ ಬರದು. ಜತೆಗೆ ಒಂದೇ ಹಾಳೆಯಲ್ಲಿ ಬರೆದಿಡಿ: ವಯಸ್ಸು, ಮುಟ್ಟು ನಿಂತಿದೆಯೇ, ಗಂಟು ಕಂಡ ದಿನಾಂಕ, ಸಕ್ಕರೆ ಕಾಯಿಲೆ, ಬಿ.ಪಿ., ಹೃದಯದ ತೊಂದರೆ, ಈಗ ನುಂಗುತ್ತಿರುವ ಮಾತ್ರೆಗಳ ಹೆಸರು ಮತ್ತು ಪ್ರಮಾಣ, ಆಗದ ಔಷಧಿ, ಅಮ್ಮನ ತಾಯಿ ಮತ್ತು ತಂದೆಯ ಕಡೆಗಳಲ್ಲಿ ಯಾರಿಗಾದರೂ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಬಂದಿತ್ತೇ. ದಾಖಲೆ ಕೊಡಲು ಸತಾಯಿಸಿದರೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಾವಳಿ ಪ್ರಕಾರ ರೋಗಿ ಕೇಳಿದ ದಾಖಲೆಯನ್ನು 72 ಗಂಟೆಯೊಳಗೆ ಕೊಡಬೇಕು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿ, ಕೇಂದ್ರ ಆರೋಗ್ಯ ಸಚಿವಾಲಯ 2019ರಲ್ಲಿ ರಾಜ್ಯಗಳಿಗೆ ಕಳಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲೂ ಎರಡನೇ ಅಭಿಪ್ರಾಯ ಪಡೆಯುವುದು ರೋಗಿಯ ಹಕ್ಕು ಎಂದಿದೆ.

ಇನ್ನು ಯಾರನ್ನು ಕೇಳಬೇಕು ಎಂಬುದು. ಬೋರ್ಡಿನ ಮೇಲೆ 'ಕ್ಯಾನ್ಸರ್ ತಜ್ಞರು' ಎಂದಿದ್ದರೆ ಅಷ್ಟೇ ಸಾಲದು. ಈ ಕಾಯಿಲೆಗೆ ಮೂರು ಬಗೆಯ ತಜ್ಞರಿದ್ದಾರೆ. ಆಪರೇಷನ್ ಮಾಡುವವರು ಸರ್ಜಿಕಲ್ ಆಂಕಾಲಜಿಸ್ಟ್, ಎಂ.ಎಸ್. ಆದಮೇಲೆ ಎಂ.ಸಿಎಚ್. ಮಾಡಿದವರು. ಕೀಮೋ ಮತ್ತಿತರ ಔಷಧಿ ಕೊಡುವವರು ಮೆಡಿಕಲ್ ಆಂಕಾಲಜಿಸ್ಟ್, ಎಂ.ಡಿ. ನಂತರ ಡಿ.ಎಂ. ಮಾಡಿದವರು. ವಿಕಿರಣ ಚಿಕಿತ್ಸೆಯವರು ರೇಡಿಯೇಷನ್ ಆಂಕಾಲಜಿಸ್ಟ್, ಆ ವಿಷಯದಲ್ಲೇ ಎಂ.ಡಿ. ಆದವರು. ಡಿ.ಎನ್.ಬಿ., ಡಾ.ಎನ್.ಬಿ. ಪದವಿಗಳೂ ಇವಕ್ಕೆ ಸಮಾನವಾಗಿರುತ್ತವೆ. ಕೆಲವು ತಿಂಗಳ ಫೆಲೋಶಿಪ್ ಮಾತ್ರ ಬೇರೆ. ಹೆಸರು, ನೋಂದಣಿ ಸಂಖ್ಯೆಯನ್ನು ಕರ್ನಾಟಕ ವೈದ್ಯಕೀಯ ಪರಿಷತ್ತಿನ ಅಥವಾ ರಾಷ್ಟ್ರೀಯ ವೈದ್ಯಕೀಯ ಆಯೋಗದ ಜಾಲತಾಣದಲ್ಲಿ ನೋಡಿ ಖಾತ್ರಿ ಮಾಡಿಕೊಳ್ಳಬಹುದು. ಅಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆಯಿದೆ, ಸಂಕೋಚವಿಲ್ಲದೆ ಕೇಳಿ: "ನೀವು ವಾರಕ್ಕೆ ಎಷ್ಟು ಸ್ತನ ಕ್ಯಾನ್ಸರ್ ರೋಗಿಗಳನ್ನು ನೋಡ್ತೀರಿ?"

ಒಬ್ಬ ಹೆಸರುವಾಸಿ ಡಾಕ್ಟರಿಗಿಂತ ಟ್ಯೂಮರ್ ಬೋರ್ಡ್ ಇರುವ ಆಸ್ಪತ್ರೆ ನಮಗೆ ಹೆಚ್ಚು ಭರವಸೆ ಕೊಡುತ್ತದೆ. ಮೂರೂ ಬಗೆಯ ತಜ್ಞರು, ಪೆಥಾಲಜಿಸ್ಟ್, ಸ್ಕ್ಯಾನ್ ಚಿತ್ರಗಳನ್ನು ಓದುವ ರೇಡಿಯಾಲಜಿಸ್ಟ್ ಒಟ್ಟಿಗೆ ಕೂತು ಒಂದು ತೀರ್ಮಾನಕ್ಕೆ ಬರುವ ಸಭೆ ಅದು. ನಿಮಗೆ ಹತ್ತಿರವಾಗುವುದು ಹುಬ್ಬಳ್ಳಿಯ ನವನಗರದಲ್ಲಿರುವ ಕ್ಯಾನ್ಸರ್ ಆಸ್ಪತ್ರೆ. ಬೆಂಗಳೂರಿನಲ್ಲಿ ಸರ್ಕಾರದ ಕಿದ್ವಾಯಿ ಸಂಸ್ಥೆ ಇದೆ. ಪ್ರಯಾಣ ಆಗದವರು ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ ಮತ್ತು ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್ (ದೇಶದ ಕ್ಯಾನ್ಸರ್ ಆಸ್ಪತ್ರೆಗಳ ಜಾಲ) ಜತೆಗೂಡಿ ನಡೆಯುವ 'ನವ್ಯ' ಆನ್‌ಲೈನ್ ಸೇವೆಗೆ ದಾಖಲೆಗಳನ್ನು ಕಳಿಸಿ ಲಿಖಿತ ಅಭಿಪ್ರಾಯ ಪಡೆಯಬಹುದು. ಎಲ್ಲಿಗೇ ಹೋದರೂ, ಮೊದಲ ಡಾಕ್ಟರ ಜತೆ ಒಂದೇ ಆಸ್ಪತ್ರೆಯಲ್ಲಿ ಕೆಲಸ ಮಾಡುವವರ ಬಳಿ ಬೇಡ. ಸಹೋದ್ಯೋಗಿಯ ಮಾತನ್ನು ಅಲ್ಲಗಳೆಯಲು ಯಾರಿಗಾದರೂ ಮುಜುಗರವಾಗುತ್ತದೆ.

ಅಲ್ಲಿ ಕೂತಾಗ "ಅವರು ಹೀಗೆ ಹೇಳಿದ್ರು, ಸರಿಯಾ ತಪ್ಪಾ?" ಎಂದು ಶುರು ಮಾಡಬೇಡಿ. ದಾಖಲೆ ಕೊಟ್ಟು "ನೀವಾದರೆ ಯಾವ ಕ್ರಮದಲ್ಲಿ ಚಿಕಿತ್ಸೆ ಮಾಡ್ತೀರಿ?" ಎಂದು ಕೇಳಿ. ಅವರ ಸ್ವಂತ ಮಾತು ಬಂದಮೇಲೆ ಮೊದಲಿನವರ ಸಲಹೆ ಹೇಳಿ, ವ್ಯತ್ಯಾಸವಿದ್ದರೆ ಕಾರಣ ಕೇಳಿ. ಕಂಕುಳ ಗಂಟಿಗೂ ಅಲ್ಟ್ರಾಸೌಂಡ್ ನೋಡಿಕೊಂಡು ಸೂಜಿ ಪರೀಕ್ಷೆ ಆಗಬೇಕೇ ಎಂದು ಕೇಳಿ. ಕೀಮೋ ಮೊದಲು ಎಂದಾದರೆ ಗಂಟಿದ್ದ ಜಾಗದಲ್ಲಿ ಲೋಹದ ಸಣ್ಣ ಕ್ಲಿಪ್ ಹಾಕಿಸುತ್ತೀರಾ ಎಂಬುದನ್ನು ಮರೆಯಬೇಡಿ. ಗಂಟು ಪೂರ್ತಿ ಕರಗಿಹೋದರೆ ಆಪರೇಷನ್ ದಿನ ಜಾಗ ಹುಡುಕಲು ಗುರುತು ಅದೊಂದೇ.

ಸ್ತನ ಪೂರ್ತಿ ತೆಗೆಯಲೇಬೇಕೇ ಎಂದೂ ಕೇಳಿ. ಗಂಟನ್ನಷ್ಟೇ ಅಂಚು ಸಮೇತ ತೆಗೆದು ವಿಕಿರಣ ಕೊಟ್ಟವರೂ ಸ್ತನವನ್ನೇ ತೆಗೆಸಿಕೊಂಡವರೂ ಸಮನಾಗಿ ಬದುಕುತ್ತಾರೆ ಎಂಬುದನ್ನು ಇಟಲಿ ಮತ್ತು ಅಮೆರಿಕದ ಎರಡು ದೊಡ್ಡ ಅಧ್ಯಯನಗಳು 20 ವರ್ಷ ರೋಗಿಗಳನ್ನು ಗಮನಿಸಿ 2002ರಲ್ಲಿ ತೋರಿಸಿದವು. ಆದರೆ ಸ್ತನ ಉಳಿಸಿಕೊಂಡರೆ ವಿಕಿರಣ ಸಾಮಾನ್ಯವಾಗಿ ತಪ್ಪದು. ಈಗ ಬಹಳ ಕಡೆ ವಾರಕ್ಕೆ 5 ದಿನದಂತೆ 3 ವಾರ, ಒಟ್ಟು 15 ಸಲ ಕೊಡುತ್ತಾರೆ. ದಿನವೂ ಹೋಗಿ ಬರಲು ಆಗುತ್ತದೆಯೇ, ಅಲ್ಲೇ ಉಳಿಯಲು ಜಾಗವಿದೆಯೇ ಎಂದು ಯೋಚಿಸಿಯೇ ಒಪ್ಪಿ. 'ಪೂರ್ತಿ ತೆಗೆಸಿದರೆ ಕರೆಂಟು (ವಿಕಿರಣ) ಕೊಡಿಸಿಕೊಳ್ಳುವ ಕಷ್ಟವಿಲ್ಲ' ಎಂದು ಕೆಲವರು ಮಾಸ್ಟೆಕ್ಟಮಿಗೆ, ಅಂದರೆ ಸ್ತನ ಪೂರ್ತಿ ತೆಗೆಯುವ ಆಪರೇಷನ್ನಿಗೆ, ಒಪ್ಪಿಬಿಡುತ್ತಾರೆ. ಕಂಕುಳ ಗ್ರಂಥಿಯಲ್ಲಿ ರೋಗವಿದ್ದರೆ ಸ್ತನ ತೆಗೆದಮೇಲೂ ವಿಕಿರಣ ಬೇಕಾಗಬಹುದು ಎಂಬುದು ಅವರಿಗೆ ಆಮೇಲೆ ತಿಳಿಯುತ್ತದೆ.

ಟೆಸ್ಟುಗಳ ವಿಷಯದಲ್ಲಿ, ಬಯಾಪ್ಸಿ ಮತ್ತು ಮ್ಯಾಮೊಗ್ರಾಂ ಸರಿಯಾಗಿದ್ದರೆ ಮತ್ತೆ ಬೇಡ. ರಕ್ತ ಪರೀಕ್ಷೆ ಹೊಸದು ಬೇಕಾಗುತ್ತದೆ. ಕೆಲವು ಔಷಧಿಗಳು ಹೃದಯಕ್ಕೆ ಭಾರವಾದ್ದರಿಂದ ಕೀಮೋಗೆ ಮುಂಚೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸುತ್ತಾರೆ. ರೋಗ ಎಲ್ಲೆಲ್ಲಿ ಹರಡಿದೆ ಎಂದು ಮೈಯೆಲ್ಲ ನೋಡುವ ಪೆಟ್ ಸ್ಕ್ಯಾನ್ ಮಾತ್ರ ನೀವಾಗಿ ಓಡಿ ಮಾಡಿಸಬೇಡಿ. ದುಬಾರಿ, ಆರಂಭದ ಹಂತದಲ್ಲಿ ಎಲ್ಲರಿಗೂ ಬೇಕಿಲ್ಲ. ಚಿಕಿತ್ಸೆ ಮಾಡುವವರೇ ಬೇಕೆಂದರೆ ಆಗಲಿ.

ಎರಡು ಅಭಿಪ್ರಾಯ ಬೇರೆ ಬೇರೆ ಬಂದರೆ ಗಾಬರಿಯಾಗಬೇಡಿ. ಅವು ಎಲ್ಲಿ ಬೇರೆಯಾಗುತ್ತವೆ ಎಂದು ಹುಡುಕಿ: ಕಾಯಿಲೆಯ ಹೆಸರಿನಲ್ಲೇ, ಹಂತದಲ್ಲೇ, ಚಿಕಿತ್ಸೆಯ ಕ್ರಮದಲ್ಲೇ, ಎಷ್ಟು ತೆಗೆಯಬೇಕೆಂಬುದರಲ್ಲೇ? ಕಾಯಿಲೆಯ ಹೆಸರೇ ಬೇರೆ ಬಂದರೆ ಮೂರನೇ ಪೆಥಾಲಜಿಸ್ಟ್ ಬೇಕು. ಕ್ರಮದಲ್ಲಿ ವ್ಯತ್ಯಾಸವಿದ್ದರೆ ಟ್ಯೂಮರ್ ಬೋರ್ಡಿನ ಲಿಖಿತ ತೀರ್ಮಾನ ಸಾಕು. ಅಲ್ಲಿಗೆ ನಿಲ್ಲಿಸಿ. ನಾಲ್ಕನೆಯವರು, ಐದನೆಯವರು ಎಂದು ಅಲೆಯುವುದು ನಮಗೆ ಹಿತವಾದ ಉತ್ತರದ ಹುಡುಕಾಟವಾಗಿಬಿಡುತ್ತದೆ. ಈ ಅಲೆದಾಟದ ನಡುವೆ ಯಾರಾದರೂ ಬೇರು-ನಾರಿನ ಔಷಧಿಯಲ್ಲೇ ಗಂಟು ಕರಗುತ್ತದೆ ಎಂದು ಕರೆದೊಯ್ಯಲು ಬಂದರೆ ಖಂಡಿತ ಬೇಡವೆನ್ನಿ. ಗುಣವಾಗಬಹುದಾದ ಹಂತದ ಕಾಯಿಲೆ ಹಾಗೆ ಕಳೆದ ತಿಂಗಳುಗಳಲ್ಲಿ ಕೈಮೀರುತ್ತದೆ.

ಖರ್ಚಿನ ಬಗ್ಗೆ ಚುಟುಕಾಗಿ: ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಇಂಥ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆ ಸೇರಬೇಕಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಮೊದಲೇ ಬೇಕು. ಆಪರೇಷನ್ ಆದಮೇಲೆ ಪತ್ರ ತರಲು ಓಡಿದರೆ ಉಪಯೋಗವಿಲ್ಲ.

ಇಷ್ಟೆಲ್ಲ ಆದಮೇಲೂ ನಿಮ್ಮ ಸರ್ಜನ್ ಮುಂದೆ ನಿಂತು ಹೇಳುವ ಮಾತು ಉಳಿದಿದೆ. ತಪ್ಪಿಸಿಕೊಂಡು ಹೋಗಬೇಡಿ. ಥಿಯೇಟರು, ಅರಿವಳಿಕೆ ಡಾಕ್ಟರು ಎಲ್ಲ ಗೊತ್ತು ಮಾಡಿಟ್ಟಿರುತ್ತಾರೆ, ಎರಡು ದಿನ ಮುಂಚೆಯೇ ತಿಳಿಸಿ. "ಡಾಕ್ಟ್ರೇ, ಶುರು ಮಾಡೋಕೆ ಮುಂಚೆ ಕ್ಯಾನ್ಸರ್ ಆಸ್ಪತ್ರೇಲಿ ಒಂದ್ಸಲ ತೋರಿಸ್ಕೊಂಡು ಬರ್ತೀವಿ. ಬ್ಲಾಕು, ಸ್ಲೈಡು ಕೊಡಿಸಿ, ಒಂದು ಪತ್ರ ಬರೆದುಕೊಡಿ" ಎಂದರೆ ಸಾಕು. ಒಳ್ಳೆಯ ಡಾಕ್ಟರು ಪತ್ರ ಬರೆದುಕೊಡುತ್ತಾರೆ. ಮುಂದೆ ಕೀಮೋ ನಡುವೆ ರಾತ್ರಿ ಜ್ವರ ಬಂದರೆ ಮೊದಲು ಓಡುವುದು ಊರಿನ ಡಾಕ್ಟರ ಹತ್ತಿರವೇ ಆದ್ದರಿಂದ, ತಜ್ಞರು ಬರೆದ ಯೋಜನೆಯ ಒಂದು ಪ್ರತಿಯನ್ನು ಅವರಿಗೂ ಕೊಡಿ.

ಒಂದು ಕೋರಿಕೆ. ತಜ್ಞರ ಕೋಣೆಗೆ ಅಮ್ಮನನ್ನೂ ಕರೆದುಕೊಂಡು ಹೋಗಿ. ಅವರನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಗಂಡಸರಷ್ಟೇ ಒಳಗೆ ಮಾತಾಡಿ ಬರುವುದು ಬೇಡ. ಸ್ತನ ಉಳಿಸಿಕೊಳ್ಳಬೇಕೋ, ಮೂರು ವಾರ ಊರು ಬಿಟ್ಟಿರಲು ಆಗುತ್ತದೋ, ಅದನ್ನು ಹೇಳಬೇಕಾದವರು ಅವರು. ಕೇಳಬೇಕಾದ ಪ್ರಶ್ನೆಗಳನ್ನು ಹಿಂದಿನ ರಾತ್ರಿ ಚೀಟಿಯಲ್ಲಿ ಬರೆಯುವಾಗ ಅವರ ಪ್ರಶ್ನೆಗಳನ್ನೇ ಮೊದಲು ಬರೆದುಕೊಳ್ಳಿ.